ಪಟ್ಟಿ ಮೂರು ಪ್ರತಿ ಬೇಕು: ದಾವಣಗೆರೆಯ ತಂತ್ರಾಂಶ ಸಮ್ಮೇಳನಕ್ಕೆ ಹೋಗಿಬಂದ ಕಥೆ

ಶುಕ್ರವಾರ

ಬೆಂಗಳೂರಿನಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಸುಮಾರು 260 ಕಿಲೋಮೀಟರು. ತುಮಕೂರು, ಸಿರಾ, ಹಿರಿಯೂರು, ಚಿತ್ರದುರ್ಗ ದಾಟಿದರೆ ಊರು ಬಂತು. ರೈಲಿಗೆ ಆ ಸುಖವಿಲ್ಲ. ತುಮಕೂರು ಬಿಟ್ಟ ಮೇಲೆ ಅದು ಪಡುವಣಕ್ಕೆ ತಿರುಗಿ ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ಚಿಕ್ಕಜಾಜೂರು ಎಂದು ದಾರಿಯಲ್ಲಿರುವ ನೆಂಟರನ್ನೆಲ್ಲ ಮಾತನಾಡಿಸಿಕೊಂಡೇ ದಾವಣಗೆರೆಗೆ ಬರುತ್ತದೆ. ಚಿತ್ರದುರ್ಗದ ಮೇಲೆ ಹಾಯುವ ನೇರ ಮಾರ್ಗದ ಮಾತು ಹಳೆಯದು. ನಾನು ಹೋದಾಗ ಸುತ್ತೇ ಗತಿಯಾಗಿತ್ತು. ಆದರೂ ಬೇಕೆಂದೇ ರೈಲು ಹಿಡಿದೆ. ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೆರೆದರೆ ನನಗೆ ಹೊಟ್ಟೆ ತೊಳಸುತ್ತದೆ, ರೈಲಿನಲ್ಲಿ ಆ ತೊಂದರೆಯಿಲ್ಲ.

ಹೊರಟಿದ್ದು ತಂತ್ರಾಂಶ ಬರೆಯುವವರ ಒಂದು ಸಣ್ಣ ಸಮ್ಮೇಳನಕ್ಕೆ. ಮಧ್ಯ ಕರ್ನಾಟಕದ ಕೆಲವು ಗೆಳೆಯರು ತಾವೇ ಚಂದಾ ಹಾಕಿ, ಒಂದು ಕಾಲೇಜಿನ ಸಭಾಂಗಣವನ್ನು ಕೇಳಿ ಪಡೆದು ನಡೆಸಿದ ಕೂಟ. ಆಹ್ವಾನದಲ್ಲಿ ಎರಡು ಷರತ್ತುಗಳಿದ್ದವು: ಮಾತು ಕನ್ನಡದಲ್ಲಿರಬೇಕು; ಮಾತನಾಡುವವರು ತಾವೇ ಬರೆದ, ಯಾರಾದರೂ ದಿನವೂ ಬಳಸುತ್ತಿರುವ ತಂತ್ರಾಂಶವನ್ನು ತೋರಿಸಬೇಕು. ಎರಡನೆಯ ಷರತ್ತು ಓದಿದ ಕೂಡಲೇ ಹೆಸರು ನೋಂದಾಯಿಸಿದೆ. ಬೆಂಗಳೂರಿನ ದೊಡ್ಡ ಹೋಟೆಲುಗಳ ಸಮ್ಮೇಳನಗಳಿಗೆ ಹೋಗಿ ಹೋಗಿ ನನಗೆ ಸಾಕಾಗಿತ್ತು. ಅಲ್ಲಿ ವೇದಿಕೆ ಹತ್ತಿ ಭವಿಷ್ಯ ಹೇಳುವವರೇ ಹೆಚ್ಚು. ಇವತ್ತು ಏನು ಕೆಟ್ಟು ನಿಂತಿದೆ ಎಂದು ಹೇಳುವವರು ಊಟದ ಸಾಲಿನಲ್ಲಿ ಸಿಕ್ಕರೆ ಪುಣ್ಯ. ಮನೆಗೆ ಬರುವುದು ಇನ್ನೊಂದು ಟೀ ಶರ್ಟು.

ಅರಸೀಕೆರೆಯಲ್ಲಿ ಹತ್ತಿದ ಇಬ್ಬರು ಹುಡುಗರು ಎದುರಿಗೆ ಕುಳಿತರು. ಹಾಸನದ ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಒಬ್ಬನ ಲ್ಯಾಪ್‌ಟಾಪಿನ ಬೆನ್ನಿಗೆ ಲಿನಕ್ಸಿನ ಪೆಂಗ್ವಿನ್ ಅಂಟಿಕೊಂಡಿತ್ತು. ದಾವಣಗೆರೆಗೋ ಎಂದು ಕೇಳಿದೆ. ಹೌದೆಂದರು.

“ಮೇಡಂ, ಅಲ್ಲಿಗೆ ಕೆಲಸ ಕೊಡುವ ಕಂಪನಿಗಳು ಬರುತ್ತವೆಯೇ?”

“ಇಲ್ಲವಂತೆ.”

ಕೇಳಿದವನ ಮುಖ ಸಣ್ಣದಾಯಿತು. ಇನ್ನೊಬ್ಬ ಅವನ ಪಕ್ಕೆಗೆ ತಿವಿದು, “ನಾನು ಹೇಳಿರಲಿಲ್ಲವೇ, ಬೆಣ್ಣೆ ದೋಸೆಗೆಂದೇ ಹೋಗೋಣ ಅಂತ” ಎಂದ.

ಸಂಜೆ ಸಂಘಟಕರಲ್ಲೊಬ್ಬರು ರಾಂ ಅಂಡ್ ಕೋ ವೃತ್ತದ ಹತ್ತಿರ ಸಿಗುವಂತೆ ಹೇಳಿದ್ದರು. ದಾವಣಗೆರೆಯಲ್ಲಿ ಸಂಜೆಯ ತಿಂಡಿ ಎಂದರೆ ಬೇರೆ ಯೋಚನೆಯಿಲ್ಲ: ಖಾರ ಮಂಡಕ್ಕಿ, ಜೊತೆಗೆ ಎಣ್ಣೆಯಿಂದ ಆಗತಾನೇ ತೆಗೆದ ಮೆಣಸಿನಕಾಯಿ. ಮಂಡಕ್ಕಿಯನ್ನು ಹುರಿಯುವ ಭಟ್ಟಿಗಳು ಊರಿನಲ್ಲೇ ಇರುವುದರಿಂದ ಅದು ಇಲ್ಲಿ ಗರಿಗರಿಯಾಗಿಯೇ ಸಿಗುತ್ತದೆ. ಬೆಂಗಳೂರಿನಲ್ಲಿ ಪ್ಯಾಕೆಟ್ ಒಡೆದು ತಿನ್ನುವ ಮೆತ್ತಗಿನ ಪದಾರ್ಥಕ್ಕೂ ಇದಕ್ಕೂ ಹೆಸರು ಮಾತ್ರ ಒಂದೇ.

ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಗಿರಣಿಗಳು ಮುಚ್ಚುತ್ತ ಹೋದವು, ಕಾಲೇಜುಗಳು ತೆರೆಯುತ್ತ ಹೋದವು. 1997ರಲ್ಲಿ ಚಿತ್ರದುರ್ಗದಿಂದ ಬೇರ್ಪಟ್ಟು ಇದೇ ಜಿಲ್ಲಾ ಕೇಂದ್ರವಾಯಿತು. 2009ರಲ್ಲಿ ವಿಶ್ವವಿದ್ಯಾಲಯವೂ ಬಂತು. “ಮೊದಲು ಇಲ್ಲಿಂದ ಬಟ್ಟೆ ಹೊರಗೆ ಹೋಗುತ್ತಿತ್ತು, ಈಗ ಇಂಜಿನಿಯರುಗಳು ಹೋಗುತ್ತಾರೆ” ಎಂದರು ಸಂಘಟಕರು, ಮೆಣಸಿನಕಾಯಿಯ ತೊಟ್ಟು ಹಿಡಿದುಕೊಂಡು. “ಹೋಗದೇ ಉಳಿದವರು ಏನು ಮಾಡುತ್ತಿದ್ದಾರೆ ಎಂದು ನಾಳೆ ನೋಡುವಿರಂತೆ.”

ಶನಿವಾರ

ಬೆಳಿಗ್ಗೆ ಬೆಣ್ಣೆ ದೋಸೆ. ಹಾಸನದ ಹುಡುಗರು ನನಗಿಂತ ಮುಂಚೆ ಬಂದು ಎರಡನೆಯ ತಟ್ಟೆಗೆ ಕೈ ಹಾಕಿದ್ದರು. ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯನ್ನೂ ಹಾಕಿ ರುಬ್ಬಿದ ಹಿಟ್ಟು, ಸೌದೆ ಒಲೆ, ಹಂಚಿನ ಮೇಲೆ ಧಾರಾಳವಾಗಿ ಬಿದ್ದ ಬೆಣ್ಣೆ. ಅಂಚು ಗರಿಗರಿ, ನಡುವೆ ಮೃದು. ಜೊತೆಗೆ ಬಿಳಿ ಕಾಯಿಚಟ್ನಿ, ಆಲೂಗಡ್ಡೆ ಪಲ್ಯ. ಸಾಂಬಾರ್ ಕೇಳಿದ ಮಂಗಳೂರಿನ ಒಬ್ಬರನ್ನು ಬಡಿಸುವವರು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಮೊದಲ ಗೋಷ್ಠಿ ಕೃತಕ ಬುದ್ಧಿಮತ್ತೆಯ ಕುರಿತು. ಎಲ್ಲ ಸಮ್ಮೇಳನಗಳಲ್ಲೂ ಈಗ ಅದು ಗಣಪತಿ ಪೂಜೆ, ಆಗಲೇಬೇಕು, ಆಯಿತು. ಅದರಲ್ಲಿ ನಾನು ಬರೆದುಕೊಂಡದ್ದು ಒಂದೇ ಮಾತು. ಭಾಷಾ ಮಾದರಿಗಳು ಪಠ್ಯವನ್ನು ಸಣ್ಣ ಸಣ್ಣ ತುಣುಕು ಮಾಡಿಕೊಂಡು ಓದುತ್ತವೆ, ಬಳಕೆದಾರರಿಂದ ಹಣವನ್ನೂ ಸಾಮಾನ್ಯವಾಗಿ ತುಣುಕಿನ ಲೆಕ್ಕದಲ್ಲೇ ವಸೂಲು ಮಾಡಲಾಗುತ್ತದೆ. ಹೆಚ್ಚಾಗಿ ಇಂಗ್ಲಿಷ್ ಓದಿ ಬೆಳೆದ ಮಾದರಿಯ ಕೈಗೆ ಕನ್ನಡ ವಾಕ್ಯ ಕೊಟ್ಟರೆ ಅದು ಪುಡಿಪುಡಿಯಾಗುತ್ತದೆ. ಅದೇ ಅರ್ಥದ ಮಾತಿಗೆ ಕನ್ನಡಿಗನ ಬಿಲ್ಲು ದೊಡ್ಡದು. ಇದನ್ನು ಹೇಳಿದವರು ಪರದೆಯ ಮೇಲೆ ಎರಡು ಬಿಲ್ಲುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ ಇಳಿದುಬಿಟ್ಟರು. ಉಳಿದವರು ಇನ್ನೂ ಒಂದು ಗಂಟೆ ಮಾತನಾಡಿದರು.

ಆಮೇಲೆ ಬಂದವರು ದಾವಣಗೆರೆಯವರೇ. ಎಲ್ಲರೂ ಅವರನ್ನು ‘ಪಟ್ಟಿಯಣ್ಣ’ ಎಂದು ಕರೆಯುತ್ತಿದ್ದರು. ಡಿಪ್ಲೊಮಾ ಓದಿದವರು, ಎಪಿಎಂಸಿ ಪ್ರಾಂಗಣದ ದಲ್ಲಾಳಿ ಅಂಗಡಿಗಳಿಗೆ ಲೆಕ್ಕದ ತಂತ್ರಾಂಶ ಬರೆದುಕೊಡುತ್ತಾರೆ. ರೈತ ಮೆಕ್ಕೆಜೋಳ ತಂದು ಮಾರಿದ ಮೇಲೆ ಅಂಗಡಿಯವರು ಕೊಡುವ ಲೆಕ್ಕದ ಚೀಟಿಗೆ ಪಟ್ಟಿ ಎನ್ನುತ್ತಾರೆ: ಹೆಸರು, ಊರು, ಚೀಲ, ತೂಕ, ದರ, ಹಮಾಲಿ, ಕೊನೆಗೆ ಕೈಗೆ ಬರುವ ಮೊತ್ತ. ಪಟ್ಟಿಯಣ್ಣ ವೇದಿಕೆಯ ಮೇಲೆ ಸ್ಲೈಡು ಗೀಡು ಏನೂ ತೋರಿಸಲಿಲ್ಲ. ಒಂದು ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಗೋಣಿಚೀಲದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟರು.

ಮುಂದಿನ ಸಾಲಿನಿಂದ ಒಬ್ಬ ಯುವಕ, “ಸರ್, ಈಗ ಲೇಸರ್ ಪ್ರಿಂಟರುಗಳು ಅಗ್ಗವಾಗಿವೆಯಲ್ಲ?” ಎಂದ.

“ಪಟ್ಟಿ ಮೂರು ಪ್ರತಿ ಬೇಕು” ಎಂದರು ಪಟ್ಟಿಯಣ್ಣ. “ರೈತನಿಗೊಂದು, ಖರೀದಿದಾರನಿಗೊಂದು, ಅಂಗಡಿಗೊಂದು. ಕಾರ್ಬನ್ ಕೆಳಗೆ ಇಳಿಯಬೇಕಾದರೆ ಸೂಜಿ ಕಾಗದವನ್ನು ಕುಟ್ಟಬೇಕು. ನಿಮ್ಮ ಲೇಸರ್ ಕುಟ್ಟುತ್ತದೆಯೇ?”

ಸಭೆ ನಕ್ಕಿತು. ಆದರೆ ಅವರ ಕಷ್ಟ ನಗುವಂಥದ್ದಲ್ಲ. ಈ ಪ್ರಿಂಟರಿನ ಹೊಟ್ಟೆಯೊಳಗೆ ಇಂಗ್ಲಿಷ್ ಅಕ್ಷರ, ಅಂಕಿಗಳ ಅಚ್ಚು ಮೊದಲೇ ಇರುತ್ತದೆ. ಕಂಪ್ಯೂಟರು ಸಂಕೇತ ಕಳುಹಿಸಿದರೆ ಸಾಕು, ಸರಸರನೆ ಹೊಡೆಯುತ್ತದೆ. ಕನ್ನಡ ಅದರಲ್ಲಿಲ್ಲ. ಕನ್ನಡವನ್ನು ಚಿತ್ರವಾಗಿ, ಚುಕ್ಕಿ ಚುಕ್ಕಿಯಾಗಿ ಕಳುಹಿಸಬೇಕು. ಅದರ ತಲೆಯಲ್ಲಿ ಮೇಲಿನಿಂದ ಕೆಳಕ್ಕೆ 9 ಸೂಜಿಗಳು. ಇಂಗ್ಲಿಷ್ ಅಕ್ಷರಕ್ಕೆ 9 ಚುಕ್ಕಿಗಳ ಎತ್ತರ ಸಾಕು. ‘ಕೃಷ್ಣಪ್ಪ’ ಎಂದು ಹೊಡೆಯಬೇಕಾದರೆ ಅಕ್ಷರಕ್ಕೆ ಒಂದು ಎತ್ತರ ಬೇಕು, ಅದರ ಕೆಳಗೆ ಒತ್ತಿಗೆ ಇನ್ನೊಂದು ಎತ್ತರ. ತಲೆ ಒಮ್ಮೆ ಓಡಿ, ಕಾಗದ ಕೂದಲೆಳೆಯಷ್ಟು ಮೇಲೇರಿ, ಮತ್ತೆ ತಲೆ ಓಡಬೇಕು. ಸವೆದ ಪ್ರಿಂಟರಿನಲ್ಲಿ ಕಾಗದ ಸ್ವಲ್ಪ ಹೆಚ್ಚು ಸರಿದರೆ ಷ ಒಂದು ಕಡೆ, ಅದರ ಣ ಒತ್ತು ಇನ್ನೊಂದು ಕಡೆ. ತನ್ನ ಹೆಸರೇ ಒಡೆದುಹೋದ ಪಟ್ಟಿಯನ್ನು ನಂಬುವುದು ಹೇಗೆ ಎಂದು ರೈತ ಕೇಳುತ್ತಾನೆ. ಕೇಳುವುದು ನ್ಯಾಯವೇ.

ಅವರು ಹುಡುಕಿದ ದಾರಿ ಇದು. ತಲೆಬರಹ, ಕಲಂಗಳ ಹೆಸರು, ಗೆರೆ ಎಲ್ಲವನ್ನೂ ಮುದ್ರಣಾಲಯದಲ್ಲೇ ಕನ್ನಡದಲ್ಲಿ ಅಚ್ಚು ಹಾಕಿಸಿದ ಕಾಗದ. ಅಂಕಿಗಳನ್ನು ಪ್ರಿಂಟರಿನ ಸ್ವಂತ ಅಚ್ಚಿನಲ್ಲಿ, ವೇಗದ ಓಟದಲ್ಲಿ ಹೊಡೆಯುವುದು. ಚಿತ್ರವಾಗಿ ಹೋಗುವುದು ರೈತನ ಹೆಸರು, ಊರು ಮಾತ್ರ. ಒಮ್ಮೆ ಹೊಡೆದ ಊರಿನ ಚಿತ್ರವನ್ನು ಕೂಡಿಟ್ಟುಕೊಂಡು ಮುಂದಿನ ಸಲ ಹಾಗೆಯೇ ಕಳುಹಿಸುವುದು. ಜೊತೆಗೆ, ಒತ್ತುಗಳನ್ನು ಆದಷ್ಟು ಮೇಲಕ್ಕೆ ಒತ್ತರಿಸಿ, 9 ಸೂಜಿಗಳ ಎರಡು ಓಟಗಳಲ್ಲಿ ಮುಗಿಯುವಂತೆ ತಾವೇ ಚುಕ್ಕಿ ಎಣಿಸಿ ಬಿಡಿಸಿದ ಅಕ್ಷರಗಳು. ಆ ಚೌಕಳಿ ಹಾಳೆಗಳನ್ನು ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸಿದರು. ಪೆನ್ಸಿಲಿನಲ್ಲಿ ತುಂಬಿದ ಪುಟ್ಟ ಚೌಕಗಳು, ಅಳಿಸಿ ಮತ್ತೆ ತುಂಬಿದ ಗುರುತು, ಅಂಚಿನಲ್ಲಿ ‘ಜ್ಞ ಇನ್ನೂ ಸರಿಯಿಲ್ಲ’ ಎಂಬ ಟಿಪ್ಪಣಿ. ನಾನು ಕೆಲಸ ಮಾಡುವ ಕಡೆ ನೂರಾರು ಇಂಜಿನಿಯರುಗಳಿದ್ದೇವೆ. ನಮ್ಮಲ್ಲಿ ಒಬ್ಬರೂ ಒಂದು ಅಕ್ಷರದ ಮುಂದೆ ಇಷ್ಟು ಹೊತ್ತು ಕುಳಿತದ್ದನ್ನು ನಾನು ಕಂಡಿಲ್ಲ.

ಮಧ್ಯಾಹ್ನದ ಮೇಲೆ ಹಾವೇರಿ ಕಡೆಯ ಒಬ್ಬಾಕೆ ರೈತರ ಮೊಬೈಲಿಗೆ ದರ ಕಳುಹಿಸುವ ವ್ಯವಸ್ಥೆಯನ್ನು ತೋರಿಸಿದರು. ಎಲ್ಲರ ಬಳಿ ವಾಟ್ಸ್‌ಆ್ಯಪ್ ಇದೆ ಎಂದು ನಗರದವರು ಅಂದುಕೊಳ್ಳುತ್ತೇವೆ; ಗುಂಡಿ ಒತ್ತುವ ಮೊಬೈಲಿನವರಿಗೆ ಎಸ್‌ಎಂಎಸ್ಸೇ ಗತಿ. ಎಸ್‌ಎಂಎಸ್ಸಿನಲ್ಲಿ ಇಂಗ್ಲಿಷಿಗೆ 160 ಅಕ್ಷರಗಳ ಜಾಗ. ಕನ್ನಡ ಬಂದರೆ 70 ಸಂಕೇತಗಳಿಗೆ ಇಳಿಯುತ್ತದೆ, ಮೀರಿದರೆ ಎರಡು ಸಂದೇಶಗಳ ದುಡ್ಡು. ‘ಮೆಕ್ಕೆಜೋಳ’ ಕಣ್ಣಿಗೆ 4 ಅಕ್ಷರ. ಯಂತ್ರದ ಲೆಕ್ಕದಲ್ಲಿ ಗುಣಿತ, ಒತ್ತುಗಳೆಲ್ಲ ಬೇರೆ ಬೇರೆಯಾಗಿ 9 ಸಂಕೇತ. ಆಕೆ ಊರಿನ ಹೆಸರು, ಬೆಳೆ, ಕನಿಷ್ಠ ದರ, ಗರಿಷ್ಠ ದರ, ದಿನಾಂಕ ಇಷ್ಟನ್ನೂ 70ರೊಳಗೆ ಕೂರಿಸಿದ್ದರು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮದ ಪ್ರಕಾರ ಸಂದೇಶದ ಮಾದರಿಯನ್ನು ಮೊದಲೇ ನೋಂದಾಯಿಸಬೇಕಾದ್ದರಿಂದ ಆಮೇಲೆ ಮನಸ್ಸಿಗೆ ಬಂದಂತೆ ಒಂದು ಪದ ಸೇರಿಸುವಂತೆಯೂ ಇಲ್ಲ. “ನಮಸ್ಕಾರ ಎಂದು ಶುರು ಮಾಡಬೇಕೆಂದು ನಮ್ಮ ಅಧ್ಯಕ್ಷರಿಗೆ ಆಸೆ” ಎಂದರು. “ಅದಕ್ಕೆ 7 ಸಂಕೇತ ಹೋಗುತ್ತದೆ. ದರ ಮುಖ್ಯವೋ ನಮಸ್ಕಾರವೋ ಎಂದು ಕೇಳಿದೆ. ಅವರು ಇನ್ನೂ ಯೋಚಿಸುತ್ತಿದ್ದಾರೆ.”

ಸಂಜೆ ಕುಂದುವಾಡ ಕೆರೆಯ ಏರಿಯ ಮೇಲೆ ಒಂದು ಸುತ್ತು. ಗಾಜಿನ ಮನೆಯನ್ನು ನೋಡೋಣವೆಂದು ಹೊರಟವರು ಮಾತಿನಲ್ಲಿ ಮುಳುಗಿ ಹೊರಗಿನಿಂದಲೇ ನೋಡಿ ವಾಪಸಾದೆವು.

ಭಾನುವಾರ

ಈ ದಿನ ಭಾಷಣಗಳಿಲ್ಲ. ಮೇಜುಗಳನ್ನು ಜೋಡಿಸಿ, ಅವರವರ ಸಮಸ್ಯೆಯನ್ನು ಹಲಗೆಯ ಮೇಲೆ ಬರೆದು, ಬೇಕಾದವರು ಬೇಕಾದ ಕಡೆ ಕೂರುವುದು. ನಾನು ಕುಳಿತದ್ದು ಹಳೆಯ ಕಡತಗಳ ಮೇಜಿನಲ್ಲಿ.

ಅಲ್ಲಿನ ಹಿರಿಯರು ಶಿವಮೊಗ್ಗದವರು, ಮುದ್ರಣದ ಪುಟವಿನ್ಯಾಸದಲ್ಲಿ ಆಯುಷ್ಯ ಕಳೆದವರು. ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕಿ ಗೊತ್ತುಮಾಡುವ ಸಂಕೇತ ಪದ್ಧತಿಯಾದ ಯೂನಿಕೋಡ್ ತನ್ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಕೊಟ್ಟಿತ್ತು. ಆದರೆ ಅದು ನಮ್ಮ ಮೇಜಿನ ಕಂಪ್ಯೂಟರುಗಳಲ್ಲಿ ನೆಟ್ಟಗೆ ಕಾಣಿಸಿಕೊಳ್ಳುವ ಹೊತ್ತಿಗೆ ಕನ್ನಡಿಗರು ಕಾಯದೆ ಕೆಲಸ ಶುರು ಮಾಡಿದ್ದರು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಹೊರತಂದ ‘ಬರಹ’ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಇವುಗಳಿಂದಲೇ ಕಚೇರಿಗಳಲ್ಲೂ ಅಚ್ಚುಕೂಟಗಳಲ್ಲೂ ಕನ್ನಡ ಓಡಿತು. ಆ ಕಾಲದ ಫಾಂಟುಗಳು ಇಂಗ್ಲಿಷಿನ ಹಾಗೂ ಯುರೋಪಿನ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿಕೊಂಡಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಪದ ತೆರೆದರೆ ಒಂದು ಪೌಂಡ್ ಚಿಹ್ನೆ, ಒಂದು ಜರ್ಮನ್ ಅಕ್ಷರ, ತಲೆಯ ಮೇಲೆ ಓರೆಗೆರೆ ಹೊತ್ತ ಮೂರು ‘ಎ’ಗಳು ಕಾಣುತ್ತವೆ. ಇಂಥ ಕಡತಗಳು ಹಿರಿಯರ ಬಳಿ ಡಬ್ಬಗಟ್ಟಲೆ ಸಿಡಿಗಳಲ್ಲಿವೆ.

ಪರಿವರ್ತಕಗಳು ಇಲ್ಲವೆಂದಲ್ಲ, ಇವೆ. ಸಿಕ್ಕುವುದು ಅಂಚಿನಲ್ಲಿ. ಅರ್ಕಾವತ್ತನ್ನೇ ನೋಡಿ. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ಅಕ್ಷರವಾದ ಮೇಲೆ ಕೂರುತ್ತದೆ. ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮ. ರ ಮೊದಲು ಬರಬೇಕು. ‘ಸೂರ್ಯ’ನನ್ನು ಬದಲಿಸುವಾಗ ಕೊನೆಯ ಗುರುತನ್ನು ಹಿಡಿದು, ಅದು ಯಾವ ಅಕ್ಷರಗುಚ್ಛಕ್ಕೆ ಸೇರಿದ್ದೆಂದು ಹಿಂದಕ್ಕೆ ಎಣಿಸಿ, ಅದರ ತಲೆಗೆ ತಂದು ಕೂರಿಸಬೇಕು. ‘ಅರ್ಘ್ಯ’ದಂತಹ ಪದದಲ್ಲಿ ಒತ್ತನ್ನೂ ದಾಟಿ ಹಿಂದಕ್ಕೆ ಹೋಗಬೇಕು. ಹಾಸನದ ಹುಡುಗರಲ್ಲೊಬ್ಬ, ಕೆಲಸ ಕೊಡುವ ಕಂಪನಿ ಕೇಳಿದವನೇ, ಈ ಹಿಂದೆಣಿಕೆಯ ತರ್ಕವನ್ನು ಊಟದೊಳಗೆ ಬರೆದು ಮುಗಿಸಿದ.

ಅದಕ್ಕಿಂತ ತುಂಟನಾದ ತೊಂದರೆಯೊಂದಿತ್ತು. ರ, ಸ್ವರ ಕಳೆಯುವ ವಿರಾಮದ ಗುರುತು, ಯ ಎಂದು ಸಾಲಾಗಿ ಬರೆದರೆ ನಿಯಮದಂತೆ ಅರ್ಕಾವತ್ತೇ ಬರುತ್ತದೆ. ‘ಕಾರ್ಯ’ಕ್ಕೆ ಅದು ಸರಿ. ‘ರ‍್ಯಾಂಕ್’ ಎಂಬಲ್ಲಿ ರ ಪೂರ್ತಿ ನಿಂತು ಯ ಅದರ ಒತ್ತಾಗಬೇಕು. ಹಾಗಾಗಲು ರ ಆದ ಕೂಡಲೇ ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಜೋಡಕವೊಂದನ್ನು ಇಡಬೇಕು. ಬಹಳಷ್ಟು ತಂತ್ರಾಂಶಗಳು, ಭದ್ರತೆಗೆಂದೋ ಅಚ್ಚುಕಟ್ಟಿಗೆಂದೋ, ಬಂದ ಪಠ್ಯದಲ್ಲಿನ ಅಗೋಚರ ಸಂಕೇತಗಳನ್ನೆಲ್ಲ ಗುಡಿಸಿ ಹಾಕುತ್ತವೆ. ಬರೆದವರ ಕಣ್ಣಿಗೆ ಅದು ಶುಚಿತ್ವ. ಕನ್ನಡದ ಮಟ್ಟಿಗೆ ಅಕ್ಷರವೇ ಕೆಡುತ್ತದೆ. ತಮ್ಮ ಊರಿನ ಕಾಲೇಜೊಂದರ ಫಲಿತಾಂಶದ ಫಲಕದಲ್ಲಿ ಹೀಗೇ ಆಗಿ ಎಲ್ಲ ರ‍್ಯಾಂಕುಗಳೂ ವಿಕಾರವಾಗಿ ನಿಂತದ್ದನ್ನು ಒಬ್ಬರು ಮೊಬೈಲಿನಲ್ಲಿ ತೋರಿಸಿದರು. ಇಂಥ ಪದಗಳ ಒಂದು ಪರೀಕ್ಷಾ ಪಟ್ಟಿಯನ್ನು ಎಲ್ಲರೂ ಸೇರಿ ಮಾಡಿ, ಯಾರು ಬೇಕಾದರೂ ತಮ್ಮ ತಂತ್ರಾಂಶದ ಮೇಲೆ ಓಡಿಸುವಂತೆ ಮುಕ್ತವಾಗಿ ಇಡಬೇಕೆಂದು ಆ ಮೇಜಿನಲ್ಲೇ ತೀರ್ಮಾನವಾಯಿತು. ಸಮ್ಮೇಳನದಿಂದ ಬಂದ ಗಟ್ಟಿ ಫಲ ಅದೊಂದೇ ಎಂದರೂ ನನಗೆ ಬೇಸರವಿಲ್ಲ.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಊಟವಾದ ಮೇಲೆ ಪಟ್ಟಿಯಣ್ಣ ನಮ್ಮಲ್ಲಿ ಕೆಲವರನ್ನು ತಮ್ಮ ಗಿರಾಕಿಯೊಬ್ಬರ ದಲ್ಲಾಳಿ ಅಂಗಡಿಗೆ ಕರೆದುಕೊಂಡು ಹೋದರು. ವ್ಯಾಪಾರಕ್ಕೆ ರಜೆ, ಲೆಕ್ಕ ಬರೆಯುವವರಿಗೆ ರಜೆಯಿರಲಿಲ್ಲ. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಚೆಲ್ಲಿದ ಕಾಳುಗಳನ್ನು ಗುಬ್ಬಿಗಳು ಹೆಕ್ಕುತ್ತಿದ್ದವು. ಒಳಗೆ ಎಲ್ಲದರ ಮೇಲೂ ಮೆಕ್ಕೆಜೋಳದ ತೆಳ್ಳಗಿನ ಹಳದಿ ಧೂಳು. ಪ್ರಿಂಟರಿಗೆ ಹೊದಿಸಿದ್ದು ಹಳೆಯ ಟವೆಲ್.

ಗುಮಾಸ್ತರಿಗೆ ಅರವತ್ತರ ಮೇಲಿರಬೇಕು. ಅವರ ಕೀಲಿಮಣೆಯಲ್ಲಿ ‘ಎಫ್’ ಕೀಲಿಯ ಮೇಲಿನ ಗುರುತು ಪೂರ್ತಿ ಅಳಿಸಿಹೋಗಿತ್ತು. ಕೆ.ಪಿ. ರಾವ್ ವಿನ್ಯಾಸದಲ್ಲಿ ಒತ್ತಕ್ಷರ ಬರೆಯಲು ಬಳಸುವ ಕೀಲಿ ಅದು. ಬಸಪ್ಪ, ಹನುಮಂತಪ್ಪ, ತಿಪ್ಪೇಸ್ವಾಮಿ, ಮಲ್ಲಿಕಾರ್ಜುನ ಎಂದು ದಿನವಿಡೀ ಬರೆಯುವ ಊರಿನಲ್ಲಿ ಅದು ಸವೆಯದೆ ಇನ್ನೇನು ಸವೆದೀತು? ಅವರ ಮೇಜಿನ ಮೇಲೆ ಮೌಸ್ ಇರಲಿಲ್ಲ.

“ಎಡಗೈಯಲ್ಲಿ ತೂಕದ ಚೀಟಿ ಹಿಡಿದಿರುತ್ತೇನೆ, ಬಲಗೈಯಲ್ಲಿ ಅಂಕಿ ಒತ್ತುತ್ತೇನೆ” ಎಂದರು. “ಮೌಸ್ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರಲಿ ಅಕ್ಕಾ?”

ಪಟ್ಟಿಯಣ್ಣನ ತಂತ್ರಾಂಶದ ಮೇಲೆ ಅವರಿಗೆ ಒಂದು ದೂರಿತ್ತು, ನಮ್ಮ ಮುಂದೆಯೇ ಹೇಳಿದರು. ಊರುಗಳ ಸೂಚಿಯಲ್ಲಿ ಹೊಳಲ್ಕೆರೆ ಮೊದಲು ಬಂದು ಹೊಸದುರ್ಗ ಆಮೇಲೆ ಬರುತ್ತದೆ, ಇದ್ಯಾವ ಅಕಾರಾದಿ? ಅವರು ಹೇಳಿದ್ದು ಸರಿ. ಯೂನಿಕೋಡಿನ ಕೋಷ್ಟಕದಲ್ಲಿ ಳಕಾರ ಲಕಾರದ ಪಕ್ಕದಲ್ಲಿದೆ, ನಮ್ಮ ವರ್ಣಮಾಲೆಯಲ್ಲಿ ಹಕಾರವಾದ ಮೇಲೆ. ಬರೀ ಸಂಕೇತದ ಅಂಕಿ ನೋಡಿ ಜೋಡಿಸಿದರೆ ಳ ಇರುವ ಊರುಗಳೆಲ್ಲ ಸ, ಹ ಇರುವವುಗಳನ್ನು ಹಿಂದಿಕ್ಕಿ ಮುಂದೆ ಬರುತ್ತವೆ. ಭಾಷೆಗೆ ತಕ್ಕ ವಿಂಗಡಣೆಯ ನಿಯಮವನ್ನು ಬೇರೆಯಾಗಿ ಹೇಳಿಕೊಡಬೇಕು. ಪಟ್ಟಿಯಣ್ಣ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. ನಮ್ಮ ತಂಡದಲ್ಲಿ ಇಂಥದ್ದೊಂದು ದೂರು ದಾಖಲಾಗಿ, ಆದ್ಯತೆ ನಿಗದಿಯಾಗಿ, ಯಾರ ಪಾಲಿಗೋ ಬೀಳುವ ಹೊತ್ತಿಗೆ ಒಂದು ಸುಗ್ಗಿ ಕಳೆದಿರುತ್ತದೆ.

ಸೋಮವಾರ

ಉಳಿದ ಏಳೆಂಟು ಮಂದಿ ಚಿತ್ರದುರ್ಗಕ್ಕೆ ಹೊರಟೆವು. ಬಸ್ಸಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ. ದುರ್ಗ ಹತ್ತಿರವಾದಂತೆ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ಸಾಲುಗಟ್ಟುತ್ತವೆ.

ಏಳುಸುತ್ತಿನ ಕೋಟೆಯ ಮೊದಲ ಬಾಗಿಲನ್ನು ದಾಟುತ್ತಿದ್ದಂತೆಯೇ ಒಬ್ಬ ಯುವಕ, “ಇದು ಆ ಕಾಲದ ಫೈರ್‌ವಾಲ್…” ಎಂದು ಶುರು ಮಾಡಿದ. ಎಲ್ಲರೂ ಒಟ್ಟಿಗೆ ಕೈ ಮುಗಿದು ಅವನ ಬಾಯಿ ಮುಚ್ಚಿಸಿದೆವು. ಮದಕರಿ ನಾಯಕ, 1779ರಲ್ಲಿ ದುರ್ಗವನ್ನು ಗೆದ್ದ ಹೈದರಾಲಿ, ಒನಕೆ ಓಬವ್ವ ಎಲ್ಲವೂ ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಓಬವ್ವನ ಕಿಂಡಿಯ ಮುಂದೆ ನಿಂತಾಗ, ಒಬ್ಬರ ಹಿಂದೆ ಒಬ್ಬರು ಬಗ್ಗಿ ತೂರುವಷ್ಟೇ ಇರುವ ಆ ಸಂದನ್ನು ಕಂಡಾಗ, ಕಥೆ ಹೇಗೆ ಸಾಧ್ಯವಾಯಿತೆಂದು ತಿಳಿಯುತ್ತದೆ.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ನೀರು. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ; ಅದು ತುಂಬಿದರೆ ಹೆಚ್ಚಿದ್ದು ಅಕ್ಕ-ತಂಗಿಯರ ಹೊಂಡಕ್ಕೆ; ಅಲ್ಲಿಂದ ಇಳಿದು ಊರೊಳಗಿನ ಸಿಹಿನೀರು ಹೊಂಡ, ಸಂತೆಹೊಂಡದ ಕಡೆಗೆ. ಮಳೆ ಕಡಿಮೆ ಬೀಳುವ ಸೀಮೆಯಲ್ಲಿ, ಮೇಲಿನ ಹೊಂಡ ತುಂಬಿ ಹರಿದ ಹನಿ ಕೆಳಗಿನದಕ್ಕೆ ದಕ್ಕಲಿ ಎಂದು ಕಟ್ಟಿದ್ದು. ಹಾವೇರಿಯ ಆಕೆ ಮೆಟ್ಟಿಲಿನ ಮೇಲೆ ಕುಳಿತು ಬಹಳ ಹೊತ್ತು ತೂಬು ನೋಡಿದರು.

ಬಿಸಿಲು ಇಳಿದ ಮೇಲೆ ಚಂದ್ರವಳ್ಳಿ. ಕದಂಬ ಮಯೂರಶರ್ಮನ ಶಾಸನವಿರುವುದು ಇಲ್ಲಿಯೇ, ಕೆರೆಯ ವಿಷಯ ಹೇಳುವ ಶಾಸನ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಇಲ್ಲಿನ ಉತ್ಖನನಗಳಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕಿವೆ. ಬಂಡೆಯ ಹತ್ತಿರ ನಿಂತಾಗ, ಅಷ್ಟು ಹೊತ್ತು ಹೆಚ್ಚು ಮಾತನಾಡದಿದ್ದ ಮೊಳಕಾಲ್ಮುರಿನ ಹುಡುಗಿ ಬಾಯಿ ತೆರೆದಳು. ಬೆಂಗಳೂರಿನ ಕಂಪನಿಯೊಂದಕ್ಕೆ ಊರಿನಿಂದಲೇ ಕೆಲಸ ಮಾಡುವವಳು. ಮನೆಯವರು ರೇಷ್ಮೆ ಸೀರೆ ನೇಯುವವರು.

“ನಮ್ಮ ತಾಲ್ಲೂಕಿಗೆ ಬನ್ನಿ, ಇದಕ್ಕಿಂತ ಹಳೆಯದು ತೋರಿಸುತ್ತೇನೆ” ಎಂದಳು. ಬ್ರಹ್ಮಗಿರಿಯ ಅಶೋಕನ ಶಾಸನ, ಕ್ರಿಸ್ತಪೂರ್ವ ಮೂರನೆಯ ಶತಮಾನದ್ದು, 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ಬರೆದವನ ಹೆಸರು ಚಪಡ. ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಹಾಕಿದ್ದಾನೆ. ಖರೋಷ್ಠಿ ವಾಯವ್ಯದ, ಗಾಂಧಾರದ ಕಡೆಯ ಲಿಪಿ. ಬ್ರಾಹ್ಮಿ ಎಡದಿಂದ ಬಲಕ್ಕೆ ಹೋಗುತ್ತದೆ, ಖರೋಷ್ಠಿ ಬಲದಿಂದ ಎಡಕ್ಕೆ.

ಶಿವಮೊಗ್ಗದ ಹಿರಿಯರು ಅಲ್ಲಿಯೇ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟರು. ಒಂದೇ ಬರಹದಲ್ಲಿ ಎರಡು ದಿಕ್ಕಿನ ಎರಡು ಲಿಪಿಗಳು. ಉರ್ದು ಮತ್ತು ಕನ್ನಡ ಬೆರೆತ ಮದುವೆ ಕಾಗದವನ್ನು ಪುಟಕ್ಕೆ ಕೂರಿಸುವಾಗ ಪುಟವಿನ್ಯಾಸದ ತಂತ್ರಾಂಶ ಕೊಡುವ ಕಾಟವನ್ನು ಅವರು ಹಿಂದಿನ ದಿನವೇ ಎಲ್ಲರಿಗೂ ವಿವರಿಸಿ ಹೇಳಿದ್ದರು. ಚಪಡನದು ಅದೇ ಸಮಸ್ಯೆ, ಉಳಿಯಲ್ಲಿ ಬಿಡಿಸಿದ್ದು. “ಬ್ರಹ್ಮಗಿರಿಗೆ ಈಗಲೇ ಹೋಗೋಣ” ಎಂದರು. ಮೊಳಕಾಲ್ಮುರಿಗೆ ಆ ಹೊತ್ತಿನಲ್ಲಿ ಹೊರಟರೆ ತಲುಪುವಷ್ಟರಲ್ಲಿ ಕತ್ತಲು. ಹಿರಿಯರನ್ನು ಸಮಾಧಾನ ಮಾಡಿ ಬಸ್ ನಿಲ್ದಾಣಕ್ಕೆ ಕರೆತರಲು ಮೊಳಕಾಲ್ಮುರಿನವಳೇ ಬೇಕಾಯಿತು.

ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೆಲಸ ಹಂಚಿಕೊಂಡೆವು. ಪರೀಕ್ಷಾ ಪಟ್ಟಿಯ ಪದಗಳನ್ನು ಕೂಡಿಸುವುದು ಹಿರಿಯರು ಮತ್ತು ಹಾಸನದ ಹುಡುಗರು. ಅದನ್ನು ಓಡಿಸುವ ಕೋಡು, ಅಗೋಚರ ಸಂಕೇತಗಳ ವಿವರಣೆ ನನ್ನ ಪಾಲಿಗೆ. ಎಸ್‌ಎಂಎಸ್ಸಿನ ಸಂಕೇತ ಎಣಿಸುವ ಸಣ್ಣ ಸಾಧನ ಹಾವೇರಿಯವರದು. ಎರಡು ದಿಕ್ಕಿನ ಪಠ್ಯದ ಉದಾಹರಣೆಗಳನ್ನು ಮೊಳಕಾಲ್ಮುರಿನವಳು ಕೇಳದೆಯೇ ತೆಗೆದುಕೊಂಡಳು. ದಾವಣಗೆರೆಯಲ್ಲೇ ಉಳಿದಿದ್ದ ಪಟ್ಟಿಯಣ್ಣನಿಗೆ ಫೋನು ಮಾಡಿ, ಚುಕ್ಕಿಯ ಅಕ್ಷರಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಮುಕ್ತವಾಗಿ ಕೊಡುವಿರಾ ಎಂದು ಕೇಳಿದೆ. ಕೊಡಲು ಏನೂ ಅಡ್ಡಿಯಿಲ್ಲ ಎಂದರು. ಜ್ಞ ಮಾತ್ರ ತಿದ್ದಬೇಕು, ಮೆಕ್ಕೆಜೋಳದ ಆವಕ ಇಳಿಯುವವರೆಗೆ ಅದಕ್ಕೆ ಕೈ ಹಾಕಲು ಪುರುಸೊತ್ತಿಲ್ಲ, ಸಂಕ್ರಾಂತಿ ಕಳೆದ ಮೇಲೆ ನೆನಪಿಸಿ ಎಂದು ಹೇಳಿ ಫೋನು ಇಟ್ಟರು.